ಸುಳ್ಳು ಹೇಳುವ ಡಬ್ಬಿ

ಕನ್ನಡ ಪಾಠ ಹೇಳುವವನಿಗೂ ಮೋಟಾರು ಎಂಜಿನ್ನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನನ್ನ ಹೆಂಡತಿ ಅದನ್ನು ನಿಮಗಿಂತ ಮೊದಲೇ, ನಿಮಗಿಂತ ಗಟ್ಟಿಯಾಗಿ ಕೇಳಿದ್ದಾಳೆ. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆ, ಆದರೆ ಅದನ್ನು ಅವಳ ಮುಂದೆ ಹೇಳುವ ಧೈರ್ಯವಿಲ್ಲದ್ದರಿಂದ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ನಮ್ಮ ಮೂಲ ಮನೆ ಸಕಲೇಶಪುರದ ಕಡೆ, ಒಂದು ಕಾಫಿ ತೋಟದ ತಗ್ಗಿನಲ್ಲಿದೆ. ಮನೆಯಿಂದ ಡಾಂಬರು ರಸ್ತೆಗೆ ಬರಬೇಕಾದರೆ ಒಂದು ಮೈಲಿ ಮಣ್ಣಿನ ದಾರಿ. ಅದರಲ್ಲಿ ಕೊನೆಯ ಅರ್ಧ ಫರ್ಲಾಂಗು ಕಡಿದಾದ ಏರು. ಮಳೆಗಾಲದಲ್ಲಿ ಅದು ದಾರಿಯೋ ಹಳ್ಳವೋ ಎಂದು ಹೇಳುವುದು ಕಷ್ಟ. ನಾನು ಇರುವುದು ಹಾಸನದಲ್ಲಿ. ಅಮ್ಮನೂ ತಮ್ಮನೂ ತೋಟದಲ್ಲಿದ್ದಾರೆ. ಅವರನ್ನು ನೋಡಿ ಬರುವುದಕ್ಕೆಂದೇ ನಾನೊಂದು ಹಳೆಯ ಜೀಪು ಕೊಂಡೆ: 2010ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಮಹೀಂದ್ರ ಥಾರ್ ಜಾತಿಯದು. ಎರಡೂವರೆ ಲೀಟರಿನ ಡೀಸೆಲ್ ಎಂಜಿನ್, 105 ಕುದುರೆ ಶಕ್ತಿ. ನಮ್ಮ ತಾತನ ಕಾಲದಲ್ಲಿ ಒಂದು ಜೊತೆ ಎತ್ತು ಮಾಡುತ್ತಿದ್ದ ಕೆಲಸಕ್ಕೆ ನೂರೈದು ಕುದುರೆ ಸಾಲದು ಎಂದು ನನಗೆ ಅನಿಸುವ ಕಾರಣವೇ ಇರಲಿಲ್ಲ.

ಅನಿಸುವಂತೆ ಮಾಡಿದವನು ನನ್ನ ಭಾವಮೈದ. ಅವನದು 2020ರ ಹೊಸ ಥಾರ್, 130 ಕುದುರೆ. ಒಂದು ಭಾನುವಾರ ಬಿಸಿಲೆ ಘಾಟಿಯಲ್ಲಿ ನನ್ನನ್ನು ಹಿಂದೆ ಹಾಕಿ ಹೋದ. ಅದಕ್ಕೆ ನನಗೆ ಬೇಸರವಿಲ್ಲ. ಮೇಲೆ ಹೋಗಿ, ಗಾಡಿ ನಿಲ್ಲಿಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಕುಡಿದು ಮುಗಿಸಿ, ನಾನು ಬಂದಾಗ "ಭಾವ, ಆರಿ ಹೋಗುತ್ತೆ ಅಂತ ನಿಮ್ಮ ಪಾಲೂ ನಾನೇ ಕುಡಿದುಬಿಟ್ಟೆ" ಎಂದ. ಮನುಷ್ಯನಿಗೆ ನಲವತ್ತೈದು ದಾಟಿದ ಮೇಲೆ ಇಂಥ ಮಾತು ತಾಗಬಾರದು. ತಾಗಿತು.

ಮೈಸೂರಿನಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಗ್ಯಾರೇಜು ಇಟ್ಟಿದ್ದಾನೆ. ತರಗತಿಯಲ್ಲಿ ಅವನಿಗೆ ಒಂದು ಕಂದಪದ್ಯಕ್ಕೆ ಪ್ರಸ್ತಾರ ಹಾಕಲು ಕೊನೆಯವರೆಗೂ ಬರಲಿಲ್ಲ. ಈಗ ಅವನ ಮಡಿಲಲ್ಲಿ ಒಂದು ಲ್ಯಾಪ್‌ಟಾಪು. ಅದರಲ್ಲಿ ಸಾಲು ಸಾಲಾಗಿ ಅಂಕಿಗಳು. ಎಂಜಿನ್ ನಿಮಿಷಕ್ಕೆ ಇಷ್ಟು ಸುತ್ತು ತಿರುಗುವಾಗ, ಪೆಡಲನ್ನು ಇಷ್ಟು ಒತ್ತಿದಾಗ, ಎಷ್ಟು ಎಣ್ಣೆ ಚಿಮ್ಮಬೇಕು ಎಂಬುದು ಒಂದೊಂದು ಮನೆಯಲ್ಲೂ ಬರೆದಿರುತ್ತದೆ. ಅದಕ್ಕೆ 'ಮ್ಯಾಪು' ಎನ್ನುತ್ತಾರೆ. ಗುರುಲಘು ತಿಳಿಯದಿದ್ದ ಹುಡುಗ ಆ ಕೋಷ್ಟಕವನ್ನು ನಾನು ಪದ್ಯ ಓದುವುದಕ್ಕಿಂತ ಸಲೀಸಾಗಿ ಓದುತ್ತಿದ್ದ. ನನಗೆ ಹೆಮ್ಮೆಯೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು.

"ಮೂರು ದಾರಿ ಇವೆ ಸಾರ್," ಎಂದ. ಮೊದಲನೆಯದು, ಪೆಡಲಿನ ತಂತಿಗೆ ಸಿಕ್ಕಿಸುವ ಒಂದು ಸಣ್ಣ ಯಂತ್ರ. ಅದು ಎಂಜಿನ್ನಿಗೆ ಒಂದು ಕುದುರೆಯನ್ನೂ ಕೂಡಿಸುವುದಿಲ್ಲ. ಕಾಲು ಅರ್ಧ ಒತ್ತಿದರೆ ಮುಕ್ಕಾಲು ಒತ್ತಿದೆ ಎನ್ನುತ್ತದೆ, ಅಷ್ಟೆ. ಎರಡನೆಯದು, ಮ್ಯಾಪನ್ನೇ ತಿದ್ದಿ ಬರೆಯುವುದು. ಮೂರನೆಯದು, ಡಬ್ಬಿ.

ಈ ಡಬ್ಬಿಯ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಇಲ್ಲ. ಗಾಳಿಯನ್ನು ಅದುಮಿ ಕಾಯಿಸಿ, ಆ ಕಾವಿಗೆ ಎಣ್ಣೆ ಚಿಮ್ಮಿಸಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲ್ 1897ರಲ್ಲಿ ಇದನ್ನು ಸಾಧಿಸಿ ತೋರಿಸಿದ. ಈಗಿನ ಗಾಡಿಗಳಲ್ಲಿ ಎಣ್ಣೆಯನ್ನು ಒಂದು ಗಟ್ಟಿ ಉಕ್ಕಿನ ಕೊಳವೆಯಲ್ಲಿ, ನಮ್ಮ ಸುತ್ತಲ ಗಾಳಿಯ ಒತ್ತಡದ ಸಾವಿರ ಪಾಲಿಗೂ ಮೀರಿ ಒತ್ತಿ ಇಟ್ಟಿರುತ್ತಾರೆ. ಆ ಕೊಳವೆಯ ಮೇಲೊಂದು ಸೆನ್ಸರು ಕುಳಿತಿದೆ. ಅದರ ಕೆಲಸ ಓಲೆಕಾರನದು: ಒತ್ತಡ ಈಗ ಇಷ್ಟಿದೆ ಎಂದು ಗಾಡಿಯ ಕಂಪ್ಯೂಟರಿಗೆ ಕ್ಷಣಕ್ಷಣಕ್ಕೂ ಸುದ್ದಿ ಮುಟ್ಟಿಸುವುದು. ಡಬ್ಬಿಯನ್ನು ಸಿಕ್ಕಿಸುವುದು ಈ ಇಬ್ಬರ ನಡುವೆ. ಓಲೆಕಾರ ಸಾವಿರ ಎಂದರೆ ಡಬ್ಬಿ ಒಂಬೈನೂರು ಎಂದು ತಿದ್ದಿ ಹೇಳುತ್ತದೆ. ಪಾಪ, ಕಂಪ್ಯೂಟರು ಅದನ್ನು ನಂಬಿ, ಒತ್ತಡ ಕಡಿಮೆಯಾಯಿತಲ್ಲ ಎಂದು ಗಾಬರಿಯಿಂದ ಏರಿಸುತ್ತದೆ. ಹೆಚ್ಚು ಎಣ್ಣೆ ಹೋಗುತ್ತದೆ, ಹೆಚ್ಚು ಬಲ ಬರುತ್ತದೆ. ಸಚಿವನು ಸುಳ್ಳು ಹೇಳಿ ದೊರೆಯ ಬೊಕ್ಕಸದಿಂದ ಹಣ ತೆಗೆಸುವ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಇದು ಅದೇ ಕಥೆ, ತಂತಿಯಲ್ಲಿ.

ನಾನು ಡಬ್ಬಿಯನ್ನೇ ಆರಿಸಿದೆ. ಬೆಲೆ ಕಡಿಮೆ ಎಂಬುದು ಒಂದು ಕಾರಣ. ಸರ್ವೀಸಿಗೆ ಬಿಡುವ ಮೊದಲು ಕಿತ್ತಿಟ್ಟುಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಇನ್ನೊಂದು. ಸುಳ್ಳು ಹೇಳುವ ವಸ್ತು ಮನೆಗೆ ಬರುವ ಮೊದಲೇ ಮಾಲೀಕನಿಗೆ ಅದರ ಗುಣ ಹತ್ತಿತ್ತು. ಶಿಷ್ಯ ಮಾತ್ರ ಸತ್ಯ ಹೇಳಿದ: "ಸಾರ್, ಕ್ಲಚ್ಚು ಹಳೇದು. ಹೆಚ್ಚಿನ ಬಲವನ್ನು ಅದು ಹಿಡಿಯೋದಿಲ್ಲ. ಮೊದಲು ಅದನ್ನು ಹಾಕಿಸಿ, ಆಮೇಲೆ ಡಬ್ಬಿ." ಕ್ಲಚ್ಚಿನ ಖರ್ಚು ಡಬ್ಬಿಯದಕ್ಕಿಂತ ಹೆಚ್ಚಾಗಿತ್ತು. ಮುಂದೆ ನೋಡೋಣ ಎಂದೆ.

ಮೊದಲ ಎರಡು ತಿಂಗಳ ಸುಖವನ್ನು ನಾನು ಅಲ್ಲಗಳೆಯಲಾರೆ. ಎರಡನೆಯ ಗೇರು ಬೇಡುತ್ತಿದ್ದ ಏರನ್ನು ಜೀಪು ಮೂರನೆಯದರಲ್ಲೇ ಹತ್ತಿತು. ಹಿಂದಿನಿಂದ ಯಾರೋ ನೂಕಿದ ಹಾಗೆ ಬೆನ್ನು ಸೀಟಿಗೆ ಒತ್ತುತ್ತಿತ್ತು. ಕಾಲೇಜಿನ ಎದುರಿನ ಸಿಗ್ನಲ್ಲಿನಲ್ಲಿ ಒಂದು ದಿನ ಹುಮ್ಮಸ್ಸಿನಿಂದ ಪೆಡಲು ಒತ್ತಿದೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕರಿಯ ಹೊಗೆಯ ಮೋಡ. ಅದರೊಳಗಿಂದ ಕೆಮ್ಮುತ್ತಾ ಸ್ಕೂಟರಿನಲ್ಲಿ ಹೊರಬಂದವರು ನನ್ನದೇ ಬಿ.ಎ. ತರಗತಿಯ ಇಬ್ಬರು ಹುಡುಗಿಯರು. ಮುಂದಿನ ಗಂಟೆಯಲ್ಲಿ ನಾನು ಅವರಿಗೆ ವಸಂತವರ್ಣನೆಯ ಪದ್ಯ ಹೇಳಬೇಕಾಗಿತ್ತು. ಎಂಜಿನ್ನಿಗೆ ಸಿಕ್ಕ ಗಾಳಿಗೆ ಮೀರಿ ಎಣ್ಣೆ ಹೋದರೆ ಅದು ಪೂರ್ತಿ ಉರಿಯದೆ ಮಸಿಯಾಗುತ್ತದೆ ಎಂದು ಆಮೇಲೆ ತಿಳಿಯಿತು. ನನ್ನ ಬಲದ ಉಳಿಕೆಯನ್ನು ನುಂಗುವವರು ಹಿಂದೆ ಬರುವವರು.

ಇಂಥ ಹುಚ್ಚಿನವನು ನಾನೊಬ್ಬನೇ ಅಲ್ಲ ಎಂಬುದೂ ಆಗಲೇ ತಿಳಿದದ್ದು. ನಮ್ಮ ಕಡೆ ತೋಟದವರು ಸೇರಿದಲ್ಲಿ ಕಾಫಿ ಧಾರಣೆ, ಆನೆ ಕಾಟ, ಇವೆರಡರ ನಂತರ ಬರುವ ಮಾತು ಇದೇ. ಒಬ್ಬರು ಪೆಡಲಿನ ಯಂತ್ರ ಹಾಕಿಸಿದ್ದರು. ಹೆದ್ದಾರಿಯಲ್ಲಿ ಗಾಡಿ ಚುರುಕಾಗಿದೆ ಅನಿಸಿತಂತೆ. ಬಂಡೆಯ ದಾರಿಯಲ್ಲಿ ಮಾತ್ರ ಕಾಲು ಕೂದಲೆಳೆಯಷ್ಟು ಅಲುಗಿದರೂ ಗಾಡಿ ಕಪ್ಪೆಯಂತೆ ನೆಗೆಯತೊಡಗಿ, ತೆಗೆದುಹಾಕಿದರು. ಇನ್ನೊಬ್ಬರದು ಮೈಲೇಜು ಲೆಕ್ಕ ತೋರಿಸುವ ಮೀಟರಿದ್ದ ಗಾಡಿ. ಡಬ್ಬಿ ಹಾಕಿಸಿದ ಮೇಲೆ ಮೀಟರಿನಲ್ಲಿ ಮೈಲೇಜು ಏರಿತು, ಪೆಟ್ರೋಲ್ ಬಂಕಿನ ಚೀಟಿಯಲ್ಲಿ ಇಳಿಯಿತು. ಆಶ್ಚರ್ಯವೇನಿಲ್ಲ, ಮೀಟರೂ ಲೆಕ್ಕ ಹಾಕುವುದು ಡಬ್ಬಿ ಹೇಳಿದ ಸುಳ್ಳಿನ ಮೇಲೆಯೇ. ಮೂರನೆಯವರು ಮ್ಯಾಪು ತಿದ್ದಿಸಿದ್ದರು, ಆದರೆ ಮೊದಲು ಕ್ಲಚ್ಚು ಬದಲಾಯಿಸಿ, ಹೊಗೆಯ ಕಾವು ಅಳೆಯುವ ಮಾಪಕ ಕೂರಿಸಿ, ಹದವಾಗಿ ಮಾಡಿಸಿದ್ದರು. ಅವರ ಗಾಡಿ ಇಂದಿಗೂ ಚೆನ್ನಾಗಿ ಓಡುತ್ತಿದೆ. ಅವರಿಗೂ ಒಂದು ಅಳುಕಿದೆ. ನೋಂದಣಿ ಪತ್ರದ ವಿವರಗಳಿಗೂ ತಯಾರಕರ ಮೂಲ ವಿವರಗಳಿಗೂ ತಾಳೆಯಾಗದಂತೆ ಗಾಡಿಯನ್ನು ಮಾರ್ಪಡಿಸಕೂಡದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಒತ್ತಿ ಹೇಳಿತು. ನಾಳೆ ಅಪಘಾತವಾದರೆ ವಿಮೆಯವರು ಏನೆನ್ನುತ್ತಾರೋ ಎಂದು ಅವರು ಹೇಳುವಾಗ ದನಿ ತಗ್ಗುತ್ತದೆ.

ಇಷ್ಟೆಲ್ಲ ಕೇಳಿಯೂ ನಾನು ಡಬ್ಬಿ ತೆಗೆಯಲಿಲ್ಲ. ಏರು ಹತ್ತುವಾಗ ಒಮ್ಮೊಮ್ಮೆ ಸುಟ್ಟ ವಾಸನೆ ಬರುತ್ತಿತ್ತು. "ಏನ್ರೀ ಅದು?" ಎಂದು ಹೆಂಡತಿ ಕೇಳಿದರೆ, "ಏನಿಲ್ಲ, ಯಾರೋ ಎಲೆ ಸುಡ್ತಿದ್ದಾರೆ" ಎನ್ನುತ್ತಿದ್ದೆ.

ಆಷಾಢದ ಒಂದು ರಾತ್ರಿ ನಾನು ತೋಟದಲ್ಲಿದ್ದೆ. ಅಮ್ಮನಿಗೆ ಮೂರು ದಿನದಿಂದ ಕೆಮ್ಮು. ಕೇಳಿದಾಗಲೆಲ್ಲ "ಏನಿಲ್ಲ ಕಣೋ, ಕಷಾಯ ಕುಡಿದಿದ್ದೀನಿ" ಎನ್ನುತ್ತಿದ್ದಳು. ಹತ್ತು ಗಂಟೆಯ ಹೊತ್ತಿಗೆ ಉಸಿರಾಡುವುದೇ ಕಷ್ಟವಾಯಿತು. ಅವಳನ್ನು ಕಂಬಳಿಯಲ್ಲಿ ಸುತ್ತಿ ಜೀಪಿನ ಹಿಂದೆ ಮಲಗಿಸಿ, ತಮ್ಮ ಪಕ್ಕದಲ್ಲಿ ಕುಳಿತು, ಹೊರಟೆವು. ಏರಿನ ನಡುವೆ ಒಂದು ಚಕ್ರ ಕೊರಕಲಿಗೆ ಇಳಿಯಿತು. ನಾನು ಗಾಬರಿಯಲ್ಲಿ ಪೆಡಲು ಒತ್ತಿದೆ. ಎಂಜಿನ್ ಆರ್ಭಟಿಸಿತು; ಗಾಡಿ ಕದಲಲಿಲ್ಲ. ಇನ್ನೂ ಒತ್ತಿದೆ. ಆ ವಾಸನೆ ಈ ಸಲ ಹೊಗೆಯಾಗಿಯೇ ಒಳಗೆ ನುಗ್ಗಿತು. ಅಮ್ಮ ಕೆಮ್ಮಿದಳು. ಆಮೇಲೆ ಯಾವ ಗೇರು ಹಾಕಿದರೂ ಒಂದೇ: ಎಂಜಿನ್ ತಿರುಗುತ್ತಿತ್ತು, ಚಕ್ರ ತಿರುಗುತ್ತಿರಲಿಲ್ಲ. ಕ್ಲಚ್ಚು ಸುಟ್ಟುಹೋಗಿತ್ತು. ನೂರೈದು ಕುದುರೆಗಳೂ, ನಾನು ಸುಳ್ಳು ಹೇಳಿಸಿ ತಂದ ಮೇಲಿನವೂ, ಲಾಯದಲ್ಲೇ ಕುಣಿಯುತ್ತಿದ್ದವು.

ತಮ್ಮ ಓಡಿಹೋಗಿ ಲೈನುಮನೆಯಿಂದ ನಾಲ್ಕು ಜನರನ್ನು ಕರೆತಂದ. ಒಂದು ಮರದ ಕುರ್ಚಿಗೆ ಎರಡು ಬಿದಿರು ಕಟ್ಟಿ, ಅಮ್ಮನನ್ನು ಅದರಲ್ಲಿ ಕೂರಿಸಿ, ಆ ಜಾರುವ ಕೆಸರಿನಲ್ಲಿ ಅವರು ಹೊತ್ತು ನಡೆದರು. ನಾನು ಕೊಡೆ ಹಿಡಿದು ಪಕ್ಕದಲ್ಲಿ ನಡೆದೆ. ನನ್ನಿಂದ ಆದದ್ದು ಅಷ್ಟೆ. ಮೇಲೆ ತಮ್ಮ ಫೋನು ಮಾಡಿ ಕರೆಸಿದ್ದ ಪಿಕಪ್ಪು ಬಂದಿತ್ತು. ನ್ಯುಮೋನಿಯ ಎಂದರು ಡಾಕ್ಟರು. ಇನ್ನು ತಡಮಾಡಿದ್ದರೆ ಎಂದು ಶುರು ಮಾಡಿದ ಮಾತನ್ನು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಎಂಟು ದಿನಕ್ಕೆ ಅಮ್ಮ ಮನೆಗೆ ಬಂದಳು.

ಆಸ್ಪತ್ರೆಯಲ್ಲಿ ಅವಳ ಪಕ್ಕ ಕುಳಿತು, "ಮೂರು ದಿನದಿಂದ ಏನಿಲ್ಲ ಏನಿಲ್ಲ ಅಂತ ಯಾಕಮ್ಮ ಹೇಳ್ತಿದ್ದೆ?" ಎಂದು ಗದರಿಸಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಗದರಿಸುವ ಯೋಗ್ಯತೆ ನನಗಿರಲಿಲ್ಲ. ಅವಳು ನಮಗೆ ತೊಂದರೆಯಾಗಬಾರದೆಂದು ಹೇಳಿದ ಸುಳ್ಳು ಅದು. ನನ್ನದು ಒಂದು ಲೋಟ ಕಾಫಿಯ ಅವಮಾನಕ್ಕೆ ಹೇಳಿಸಿದ್ದು.

ಹೊಸ ಕ್ಲಚ್ಚು ಕೂತ ಮೇಲೆ ನಮ್ಮ ತೋಟದ ಹಳೆಯ ಡ್ರೈವರು ಜೀಪು ನೋಡಲು ಬಂದ. ಕುರ್ಚಿ ಹೊತ್ತವರಲ್ಲಿ ಅವನೂ ಒಬ್ಬ. ಡಬ್ಬಿಯನ್ನು ಕಿತ್ತು ಕೈಗೆ ಕೊಟ್ಟು ಅದರ ಪ್ರತಾಪ ವಿವರಿಸಿದೆ. "ಎಷ್ಟು ಬಲ ಹೆಚ್ಚು ಕೊಡ್ತದೆ ಇದು?" ಎಂದ. ಕಾಲು ಭಾಗ ಎಂದು ಮಾರುವವರು ಹೇಳಿದ್ದರು, ಹಾಗೇ ಹೇಳಿದೆ. ಅವನು ದೊಡ್ಡ ಗೇರ್ ಕಡ್ಡಿಯ ಪಕ್ಕದಲ್ಲಿದ್ದ ಸಣ್ಣ ಕಡ್ಡಿಯನ್ನು ತೋರಿಸಿದ. "ಮತ್ತೆ ಇದನ್ನ ಯಾತಕ್ಕೆ ಇಟ್ಟವ್ರೆ ಸಣ್ಣಯ್ಯ?"

ನಾಲ್ಕು ಚಕ್ರಕ್ಕೂ ಬಲ ಹರಿಸಿ, ವೇಗವನ್ನು ತಗ್ಗಿಸುವ ಕಡ್ಡಿ ಅದು. ಅದನ್ನು ಕೆಳಗಿನ ಸ್ಥಾನಕ್ಕೆ ಹಾಕಿದರೆ ಗಾಡಿಯ ವೇಗ ಸುಮಾರು ಎರಡೂವರೆ ಪಾಲು ಕಡಿಮೆಯಾಗುತ್ತದೆ, ಚಕ್ರಕ್ಕೆ ಮುಟ್ಟುವ ತಿರುಗುಬಲ ಅಷ್ಟೇ ಪಾಲು ಹೆಚ್ಚಾಗುತ್ತದೆ. ಕ್ಲಚ್ಚಿನ ಮೇಲಿನ ಭಾರವೂ ಇಳಿಯುತ್ತದೆ. ಡಬ್ಬಿ ಕೊಡುತ್ತೇನೆಂದದ್ದು ಕಾಲು ಪಾಲು; ಕಂಪನಿಯವರು ಮೊದಲೇ ಕೊಟ್ಟಿದ್ದು ಎರಡೂವರೆ ಪಟ್ಟು. ಅದು ಬೇಡುವುದು ಒಂದನ್ನೇ: ನಿಧಾನ. ಆ ರಾತ್ರಿ ಅದರ ನೆನಪೇ ನನಗೆ ಬರಲಿಲ್ಲ.

ಅವನು ಟೈರುಗಳಿಂದ ಸ್ವಲ್ಪ ಗಾಳಿ ಬಿಟ್ಟ, ನೆಲವನ್ನು ಅವು ಅಗಲವಾಗಿ ಹಿಡಿಯಲೆಂದು. ಸಣ್ಣ ಕಡ್ಡಿ ಎಳೆದು, ಎರಡನೆಯ ಗೇರು ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದು ಕುಳಿತ. ಜೀಪು ಗರ್ಭಿಣಿ ಹಸುವಿನಂತೆ ಒಂದೊಂದೇ ಹೆಜ್ಜೆ ಇಟ್ಟು ಏರು ಹತ್ತಿತು. ಹೊಗೆಯಿಲ್ಲ, ವಾಸನೆಯಿಲ್ಲ. ಪಕ್ಕದಲ್ಲಿ ನಡೆದು ಬರುತ್ತಿದ್ದ ತಮ್ಮ ನಮಗಿಂತ ಮೊದಲು ಮೇಲೆ ಮುಟ್ಟಿದ.

ಡಬ್ಬಿ ಈಗ ನನ್ನ ಮೇಜಿನ ಮೇಲೆ, ನಿಘಂಟುಗಳ ಪಕ್ಕದಲ್ಲಿದೆ. ಕೊಳ್ಳುತ್ತೇನೆಂದು ಒಬ್ಬರು ಬಂದಿದ್ದರು, ಕೊಡಲು ಮನಸ್ಸಾಗಲಿಲ್ಲ. ಮೊನ್ನೆ ಅಮ್ಮ ಹಾಸನಕ್ಕೆ ಬಂದಾಗ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಇದೇನೋ ಇದು?" ಎಂದಳು.

"ಏನಿಲ್ಲ" ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿ, ಕುರ್ಚಿ ಎಳೆದುಕೊಂಡು ಕುಳಿತು, ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಹೆಂಡತಿ ಅಡುಗೆಮನೆಯಲ್ಲಿದ್ದಳು. ಪಾತ್ರೆಯ ಸದ್ದು ನಿಂತಿದ್ದರಿಂದ ಅವಳೂ ಕೇಳಿಸಿಕೊಂಡಳೆಂದು ಕಾಣುತ್ತದೆ.