ಕಿತ್ತಳೆ ಬಣ್ಣದ ಒಂದು ವಾರ

ಮುಂಬೈ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ಗೆ ನೀವು ಬಂದಿದ್ದರೆ ತಲೆಯೆತ್ತಿ ನೋಡಿಯೇ ಇರುತ್ತೀರಿ. ನವಿಲುಗರಿಯನ್ನು ನೆನಪಿಸುವ ಬಿಳಿ ಕಂಬಗಳು, ಅದೇ ಕುಸುರಿಯ ಚಾವಣಿ. 2014ರಲ್ಲಿ ತೆರೆದಾಗಿನಿಂದ ಜನ ಅದರ ಫೋಟೊ ತೆಗೆಯುತ್ತಲೇ ಇದ್ದಾರೆ. ನಾನು ಅಲ್ಲೇ ಕೆಲಸ ಮಾಡುವವಳು, ಆದರೆ ನನ್ನ ಟರ್ಮಿನಲ್ ಬೇರೆ. ಒಂದು ಎಕ್ಸ್‌ರೇ ಯಂತ್ರ, ಪ್ಲಾಸ್ಟಿಕ್ ಟ್ರೇಗಳ ರಾಶಿ, ಹೆಂಗಸರ ತಪಾಸಣೆಗೆಂದು ಪರದೆ ಕಟ್ಟಿದ ಗೂಡು. ಅಲ್ಲಿಂದ ಆಕಾಶ ಕಾಣುವುದಿಲ್ಲ. ಬೆಳಗಾಯಿತೆಂದು ತಿಳಿಯುವುದು ಸ್ನಾನ ಮಾಡಿ ಬಂದ ಪ್ರಯಾಣಿಕರ ಮುಖ ನೋಡಿ.

ಯಂತ್ರದ ತೆರೆಯ ಮೇಲೆ ಬ್ಯಾಗಿನೊಳಗಿನ ಲೋಕ ಮೂರು ಬಣ್ಣದ್ದು. ಊಟ, ಬಟ್ಟೆ, ಪುಸ್ತಕ, ಸಾಬೂನು ಎಲ್ಲ ಕಿತ್ತಳೆ. ಕಬ್ಬಿಣ, ತಾಮ್ರ ನೀಲಿ. ಎರಡರ ನಡುವಿನವು ಹಸಿರು. ಕಿರಣ ದಾಟಲಾರದಷ್ಟು ದಪ್ಪಗಿದ್ದದ್ದು ಕಪ್ಪು. ಕಷ್ಟವೇನೆಂದರೆ ಶೇಂಗಾ ಹೋಳಿಗೆಯೂ ಕಿತ್ತಳೆಯೇ, ಸ್ಫೋಟಕವೂ ಕಿತ್ತಳೆಯೇ. ಕಣ್ಣು ಸೋಲುತ್ತದೆಂದೇ ಒಬ್ಬರು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ತೆರೆಯ ಮುಂದೆ ಕೂರುವುದಿಲ್ಲ. ಸಾಲದ್ದಕ್ಕೆ ಯಂತ್ರವೇ ಆಗಾಗ ಯಾರದೋ ಬ್ಯಾಗಿನೊಳಗೆ ಇಲ್ಲದ ಪಿಸ್ತೂಲನ್ನು ತೋರಿಸುತ್ತದೆ, ನಾವು ಎಚ್ಚರವಾಗಿದ್ದೇವೆಯೇ ಎಂದು ನೋಡಲು. ಗುಂಡಿ ಒತ್ತಿದ ಮೇಲೆಯೇ ಅದು ಪರೀಕ್ಷೆ ಎಂದು ಗೊತ್ತಾಗುವುದು. ಪಿಸ್ತೂಲು ಸುಳ್ಳು, ಎದೆ ಹೊಡೆದುಕೊಂಡದ್ದು ನಿಜ.

ನಾನು ಹೇಳಹೊರಟಿರುವುದು 2025ರ ಜನವರಿಯ ಒಂದು ವಾರದ ಮಾತು. ದೆಹಲಿಯಲ್ಲಿ ಮಂಜು ಬಿದ್ದರೆ ಮುಂಬೈಯಲ್ಲಿ ನಮ್ಮ ಕಾಲು ನೋಯುತ್ತದೆ. ಅಲ್ಲಿಂದ ಬರಬೇಕಾದ ವಿಮಾನ ಬಾರದೆ ಇಲ್ಲಿಂದ ಹೊರಡುವುದು ತಡ. ಇಲ್ಲಿಯ ಎರಡು ರನ್‌ವೇಗಳು ಒಂದನ್ನೊಂದು ಕತ್ತರಿಸುವುದರಿಂದ ಒಮ್ಮೆಗೆ ಒಂದೇ ಬಳಕೆ. ತಪ್ಪಿದ ಹೊತ್ತನ್ನು ಹಿಡಿಯಲು ಜಾಗವಿಲ್ಲ. ವಿಮಾನ ರದ್ದಾಗಿ ಹೊರಹೋದವರು ಮತ್ತೆ ಸಾಲಿಗೆ ಬರುತ್ತಾರೆ. ‘ಆಗಲೇ ನೋಡಿದ್ರಲ್ಲ, ಅದೇ ಬ್ಯಾಗು’ ಎನ್ನುತ್ತಾರೆ. ಅದೇ ಬ್ಯಾಗು ಎಂದು ನಂಬದಿರುವುದಕ್ಕೇ ನನಗೆ ಸಂಬಳ. ಗಣರಾಜ್ಯೋತ್ಸವ ಬೇರೆ ಹತ್ತಿರ ಬರುತ್ತಿತ್ತು. ವಾರದ ರಜೆ ಮುಂದಕ್ಕೆ ಹೋಯಿತು.

ಪರದೆಯ ಗೂಡಿನಲ್ಲಿ ನಿಂತ ದಿನ ಕಾಲಿಗಿಂತ ಭುಜಕ್ಕೆ ಕಷ್ಟ. ಬಳೆ, ಹೇರ್‌ಪಿನ್, ಸೀರೆಯ ಪಿನ್ನು, ಎಲ್ಲದಕ್ಕೂ ಕೈಯಲ್ಲಿನ ಯಂತ್ರ ಕೂಗುತ್ತದೆ. ಆದರೆ ಪರದೆ ಎಳೆದ ಕೂಡಲೇ ಹೆಂಗಸರ ದನಿ ಇಳಿಯುತ್ತದೆ, ನೀವು ಗಮನಿಸಿದ್ದೀರೋ ಇಲ್ಲವೋ. ಗಂಡನಿಗೆ ಇನ್ನೂ ಹೇಳಿಲ್ಲದ ಬಸುರಿನ ಸುದ್ದಿ ನನಗೆ ಮೊದಲು ಗೊತ್ತಾದದ್ದುಂಟು. ಅರ್ಧ ನಿಮಿಷದ ಪರಿಚಯ. ಮುಂದೆ ಏನಾಯಿತೆಂದು ಎಂದೂ ತಿಳಿಯುವುದಿಲ್ಲ.

ಆ ಭಾನುವಾರ, ಮಕರಜ್ಯೋತಿಗೆ ಎರಡು ದಿನ ಮೊದಲು, ಕೊಚ್ಚಿಗೆ ಹೊರಟ ಅಯ್ಯಪ್ಪ ಭಕ್ತರ ಗುಂಪು ನಮ್ಮ ಸಾಲಿಗೆ ಬಂತು. ಡೊಂಬಿವಲಿ ಕಡೆಯ ಕನ್ನಡಿಗರು. ಕ್ಯಾಬಿನ್ನಿನಲ್ಲಿ ತೆಂಗಿನಕಾಯಿ ಒಯ್ಯುವಂತಿಲ್ಲ. ಆದರೆ ಶಬರಿಮಲೆ ಯಾತ್ರಿಕರ ಇರುಮುಡಿಯ ಕಾಯಿಗೆ ಮಾತ್ರ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಆ ವರ್ಷ ಜನವರಿ 20ರವರೆಗೆ ವಿನಾಯಿತಿ ಕೊಟ್ಟಿತ್ತು. ಷರತ್ತು ಮೂರು: ಎಕ್ಸ್‌ರೇ ಆಗಬೇಕು, ಸ್ಫೋಟಕದ ಕಣ ಹುಡುಕುವ ಯಂತ್ರದ ಪರೀಕ್ಷೆ ಆಗಬೇಕು, ಕೈಯಿಂದ ಮುಟ್ಟಿ ನೋಡಬೇಕು. ಬ್ಯಾಗ್ ನೋಡುವ ಮೇಜಿನ ಬಳಿ ಇದ್ದವಳು ನಾನು.

ಗುರುಸ್ವಾಮಿ ಗಂಟನ್ನು ಎದೆಗೆ ಹಿಡಿದೇ ನಿಂತರು. ‘ಗಂಡಸರು ಯಾರಾದರೂ ಇದ್ದರೆ ಕರೀತೀರಾ?’ ಎಂದರು. ಮಾತಿನಲ್ಲಿ ಒರಟಿರಲಿಲ್ಲ, ಹೆದರಿಕೆ ಇತ್ತು. ನಲವತ್ತೊಂದು ದಿನದ ವ್ರತ ಅದು. ನನ್ನ ಜೊತೆಯವನು ತೆರೆಯ ಮುಂದಿದ್ದ, ಏಳುವಂತಿರಲಿಲ್ಲ. ಹಿಂದಿನ ಸಾಲು ಬೆಳೆಯುತ್ತಿತ್ತು.

ನನಗಂದು ಮುಟ್ಟಿನ ಮೂರನೆಯ ದಿನ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳಬೇಕಿತ್ತು ಎನ್ನುವವರು ನಿಮ್ಮಲ್ಲೂ ಇರಬಹುದು. ನಮ್ಮ ಡ್ಯೂಟಿ ಪಟ್ಟಿಯಲ್ಲಿ ಅದಕ್ಕೊಂದು ಕಾಲಮ್ ಇಲ್ಲ.

ಗುಂಪಿನಲ್ಲಿ ಅರವತ್ತು ದಾಟಿದ ಒಬ್ಬ ಅಮ್ಮ ಇದ್ದರು. ಕಪ್ಪು ಸೀರೆ, ಕೊರಳಲ್ಲಿ ಮಾಲೆ. ನನ್ನ ಮುಖವನ್ನೇ ನೋಡುತ್ತಿದ್ದವರು, ‘ಯಾವೂರಬೇ ನಿಂದು?’ ಎಂದರು.

‘ಹಾವೇರಿ ಕಡೇರಿ.’

‘ನೀರು ಕುಡದಿಯೇನು? ಮಾರಿ ಬಾಡೇತಿ.’

ಅಷ್ಟು ಹೇಳಿ ತಮ್ಮ ಇರುಮುಡಿಯನ್ನು ತಲೆಯ ಮೇಲಿಂದ ಇಳಿಸಿ ನನ್ನ ಮುಂದೆ ಇಟ್ಟರು. ‘ಮೊದಲ ನಂದು ನೋಡು. ಆಕಿ ಕೆಲಸ ಆಕಿ ಮಾಡ್ಲಿ, ಸ್ವಾಮಿ.’

ಕೈಗವಸು ಬದಲಿಸಿಕೊಂಡೆ. ಗಂಟು ಬಿಚ್ಚಲಿಲ್ಲ, ಮೇಲಿನಿಂದಲೇ ಒತ್ತಿ ನೋಡಿದೆ. ಮುಂಭಾಗದಲ್ಲಿ ತುಪ್ಪ ತುಂಬಿದ ಕಾಯಿ, ಗುಂಡಗೆ, ತೂಕವಾಗಿ ಕೈಗೆ ಸಿಕ್ಕಿತು. ಬಟ್ಟೆಯನ್ನು ಪಟ್ಟಿಯಿಂದ ಒರೆಸಿ ಯಂತ್ರಕ್ಕಿಟ್ಟೆ. ಕೆಲವೇ ಸೆಕೆಂಡು, ಏನೂ ಇಲ್ಲ ಎಂದು ಬಂತು. ಒಟ್ಟು ಹನ್ನೊಂದು ಗಂಟು. ಗುರುಸ್ವಾಮಿಯದು ಕೊನೆಗೆ ಬಂತು. ಅವರು ಕಣ್ಣು ಮುಚ್ಚಿಕೊಂಡು ಏನೋ ಹೇಳಿಕೊಳ್ಳುತ್ತಿದ್ದರು. ಕೊಟ್ಟ ಮೇಲೆ ನನಗೂ ‘ಸ್ವಾಮಿ ಶರಣಂ’ ಎಂದರು. ಉಳಿದ ಎಲ್ಲರಿಗೂ ಹಾಗೇ ಅನ್ನುತ್ತಾರೋ ಏನೋ.

ಇಪ್ಪತ್ತರ ನಂತರ ಕಾಯಿ ಮತ್ತೆ ನಿಷೇಧದ ಪಟ್ಟಿಗೆ ಸೇರಿತು. ದೇವಸ್ಥಾನದಿಂದ ನೇರ ಬಂದವರ ಪ್ರಸಾದದ ಕಾಯಿಗಳನ್ನು ಈಗ ನಾನೇ ತೆಗೆದಿಡಿಸುತ್ತೇನೆ.

ನನ್ನ ರಜೆ ಸಿಕ್ಕಿದ್ದು ಸಂಕ್ರಾಂತಿಯ ದಿನ. ಊರಿಂದ ಅವ್ವ ಫೋನ್ ಮಾಡಿ, ‘ಎಳ್ಳು ಹಚ್ಚಿಕೊಂಡು ಎರಕೊಂಡ್ಯಾ?’ ಎಂದು ಕೇಳಿದಳು. ಎರೆದುಕೊಂಡು ಮರೋಳದ ಕೋಣೆಯಲ್ಲಿ ಮಲಗಿದವಳು ಎದ್ದಾಗ ಸಂಜೆ ಆರು ಗಂಟೆ.