ವಯಸ್ಸಿನ ಮೇಲಿನ ಅಪವಾದ

ಉಣಕಲ್ ಕೆರೆಯ ದಂಡೆಯಲ್ಲಿ ಮುಂಜಾನೆ ಅಡ್ಡಾಡುವ ಹುಬ್ಬಳ್ಳಿಯ ಗೃಹಸ್ಥರು ಬೊಜ್ಜಿನ ಅಪವಾದವನ್ನೆಲ್ಲ ವಯಸ್ಸಿನ ತಲೆಗೆ ಕಟ್ಟುತ್ತಾರೆ. ಮರಳುವಾಗ ಗಿರಮಿಟ್ಟು, ಮಿರ್ಚಿ ಭಜಿಗಳಿಗೆ ಮನಸೋಲುತ್ತಾರೆ. 2021ರಲ್ಲಿ ಪ್ರಕಟವಾದ ಸಂಶೋಧನೆಯೊಂದು ವಯಸ್ಸಿನ ಪರವಾಗಿ ಸಾಕ್ಷಿ ನುಡಿಯಿತು: ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ, ಶಕ್ತಿಯ ವ್ಯಯ 20ರಿಂದ 60ರವರೆಗೆ ಹೆಚ್ಚುಕಡಿಮೆ ಸ್ಥಿರ. ಆದುದರಿಂದ ಕಾರಣವನ್ನು ಊಟದ ತಾಟಿನಲ್ಲಿಯೂ ಕುಳಿತ ಕುರ್ಚಿಯಲ್ಲಿಯೂ ಹುಡುಕಬೇಕು.

ಹಾರ್ಮೋನುಗಳ ಕೈವಾಡವೂ ಉಂಟು. 1994ರಲ್ಲಿ ಪತ್ತೆಯಾದ ಲೆಪ್ಟಿನ್, ಕೊಬ್ಬಿನ ಸಂಗ್ರಹದ ವರದಿಯನ್ನು ಮಿದುಳಿಗೆ ಒಯ್ಯುತ್ತದೆ. ಬೊಜ್ಜು ಬೆಳೆದವರಲ್ಲಿ ಮಿದುಳು ಆ ವರದಿಗೆ ಕಿವುಡಾಗುತ್ತದೆ. ಮುಟ್ಟು ನಿಂತ ಬಳಿಕ ಈಸ್ಟ್ರೋಜೆನ್ ಇಳಿದು, ಕೊಬ್ಬು ಹೊಟ್ಟೆಯತ್ತ ಸರಿಯುತ್ತದೆ. ಅಂಥ ಗೃಹಿಣಿಯನ್ನು ಮನೆಮಂದಿ ಸೋಮಾರಿಯೆಂದು ಹಂಗಿಸುವುದು ಅನ್ಯಾಯ. ತಾಟಿನಲ್ಲಿ ಒಂದು ರೊಟ್ಟಿ ಕಡಿಮೆ ಮಾಡಿ ಕಾಳುಪಲ್ಯ ಹೆಚ್ಚಿಸಿ, ಸಂಜೆ ಆಕೆಯ ಜೊತೆಗೆ ನಾಲ್ಕು ಹೆಜ್ಜೆ ನಡೆದರೆ ಮನೆಮಂದಿಗೆಲ್ಲ ಹಿತ.