ಬಾವಿಗಿಳಿದ ಸೀಸೆ

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ನಾಡಿನಲ್ಲಿ ಜುಲೈ ತಿಂಗಳ ನಡುಹಗಲೆಂದರೆ ಕಿಟಕಿಗಳನ್ನೆಲ್ಲ ಮುಚ್ಚಿ ಮನೆಯೊಳಗಿನ ತಂಪನ್ನು ಕಾಪಾಡಿಕೊಳ್ಳುವ ಹೊತ್ತು. ಹೊರಗೆ ಜೀರುಂಡೆಗಳ ಎಡೆಬಿಡದ ಮೊರೆತ. ಅಂಗಳದ ಮರದಡಿ ಹಾಕಿದ ಮೇಜಿನ ಮೇಲೆ ಆಡಂಬರದ ಅಡುಗೆಯೇನೂ ಇರುವುದಿಲ್ಲ. ವಿನಿಗರೂ ಆಲಿವ್ ಎಣ್ಣೆಯೂ ಬೆರೆತ ಟೊಮೇಟೊ ಹೋಳುಗಳು. ಬದನೆಕಾಯಿ, ದಪ್ಪ ಮೆಣಸಿನಕಾಯಿಗಳನ್ನು ಹಿಂದಿನ ಸಂಜೆಯೇ ಬೇಯಿಸಿ ತಣಿಸಿಟ್ಟ ರಾಟಟೂಯಿ. ಶುಕ್ರವಾರವಾದರೆ ಬೇಯಿಸಿದ ಮೀನು ತರಕಾರಿಗಳೊಡನೆ ಬೆಳ್ಳುಳ್ಳಿ ಅರೆದು ಮಾಡಿದ ಐಯೋಲಿ. ಇಷ್ಟೇ.

ಈ ಊಟಕ್ಕೆ ಯಾವ ವೈನು ಹೊಂದುವುದೆಂದು ಮನೆಯ ಅಜ್ಜ ಎಂದೂ ಚಿಂತಿಸಿದವನಲ್ಲ. ಬೆಳಿಗ್ಗೆಯೇ ಸೀಸೆಯೊಂದನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಬಿಡುತ್ತಾನೆ. ಗುಲಾಬಿಯ ನಸುಬಣ್ಣದ ರೋಸೆ ಅದು. ಕಪ್ಪು ದ್ರಾಕ್ಷಿಯ ರಸವನ್ನು ಸಿಪ್ಪೆಯೊಡನೆ ಕೆಲವೇ ಗಂಟೆಗಳ ಕಾಲ ಇರಗೊಟ್ಟು ಬೇರ್ಪಡಿಸಿದರೆ ಆ ಬಣ್ಣ ಬರುತ್ತದೆ.

ಪ್ಯಾರಿಸಿನಲ್ಲಿ ಉದ್ಯೋಗದಲ್ಲಿರುವ ಮಗ ರಜೆಗೆ ಬರುವಾಗ ಬೋರ್ದೊ ಸೀಮೆಯ ಘನವಾದ ಕೆಂಪು ವೈನನ್ನು ತರುತ್ತಾನೆ. ಬೆಲೆಯ ಚೀಟಿಯನ್ನು ಕಿತ್ತಿರುತ್ತಾನೆ, ಕಿತ್ತ ಗುರುತು ಮಾತ್ರ ಕಾಣುವಂತೆ! ಪಾಪ, ಆ ವೈನಿನ ತಪ್ಪೇನೂ ಇಲ್ಲ. ಚಳಿಗಾಲದಲ್ಲಿ ಹುರಿದ ಮಾಂಸದೊಡನೆ ಅದರ ಒಗರು ಮೃದುವಾಗುತ್ತದೆ. ವಿನಿಗರಿನ ಹುಳಿಯ ಮುಂದಾದರೋ ಅದು ಸಪ್ಪೆಯಾಗಿ, ನಾಲಗೆಯ ಮೇಲೆ ಒಗರೊಂದೇ ಉಳಿಯುತ್ತದೆ. ಬಿಸಿಲಿಗೆ ಬೆಚ್ಚಗಾದರೆ ಮದ್ಯಸಾರದ ಘಾಟು ಮೂಗಿಗೆ ಹೊಡೆಯುತ್ತದೆ. ತಣಿಸೋಣವೆಂದರೆ ಒಗರು ಇನ್ನೂ ಬಿರುಸಾಗುತ್ತದೆ. ಕೆಂಪೇ ಬೇಕೆಂಬ ಹಟವಿದ್ದವರು ಒಗರು ಕಡಮೆಯಿರುವ ಬೋಜೊಲೆಯನ್ನು ತುಸು ತಣಿಸಿ ಕುಡಿಯಬಹುದು. ಹುಳಿಯ ಊಟಕ್ಕೆ ಚುರುಕು ಹುಳಿಯಿರುವ ವೈನೇ ಸಂಗಾತಿ. ಲ್ವಾರ್ ನದಿ ಕಡಲನ್ನು ಸೇರುವ ಕಡೆಯ ಜನ ಕಡಲ ಸಿಂಪಿಗಳಿಗೆ ತಮ್ಮೂರಿನ ಮುಸ್ಕಾದೆ ಎಂಬ ಬಿಳಿಯ ವೈನನ್ನು ಜೊತೆಮಾಡಿದ್ದೂ ಇಂಥ ರುಚಿಯನ್ನು ಬಲ್ಲುದರಿಂದಲೇ.

ಅಜ್ಜ ಏನೊಂದೂ ನುಡಿಯದೆ ಬಾವಿಯ ಹಗ್ಗವನ್ನು ಎಳೆಯುತ್ತಾನೆ. ತನ್ನ ಲೋಟಕ್ಕೆ ಮಂಜುಗಡ್ಡೆಯ ತುಂಡೊಂದನ್ನೂ ಹಾಕಿಕೊಳ್ಳುತ್ತಾನೆ. ಮಗ ಮುಖ ತಿರುಗಿಸುತ್ತಾನೆ.

ಮಗನ ಮುನಿಸು ಸಂಜೆಗೆ ಇಳಿಯುತ್ತದೆ. ಅಜ್ಜನನ್ನು ಕಾಡುವವನು ಮೊಮ್ಮಗ. ಅಜ್ಜ ಬಾಲಕನಾಗಿದ್ದಾಗ ಆ ದೇಶದ ಶಾಲೆಗಳ ಊಟದಲ್ಲೂ ನೀರು ಬೆರೆಸಿದ ವೈನು ಇರುತ್ತಿದ್ದುದುಂಟು. 1956ರಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಸರ್ಕಾರ ಅದನ್ನು ನಿಷೇಧಿಸಿತು, ಸರಿಯಾಗಿಯೇ ನಿಷೇಧಿಸಿತು. 1960ರ ಸುಮಾರಿನಲ್ಲಿ ಫ್ರಾನ್ಸಿನಲ್ಲಿ ವರ್ಷಕ್ಕೆ ತಲೆಗೆ 100 ಲೀಟರಿಗೂ ಹೆಚ್ಚು ವೈನು ಖರ್ಚಾಗುತ್ತಿತ್ತು. ಈಗ ಅದರ ಅರ್ಧವೂ ಇಲ್ಲ. ಆರೋಗ್ಯಕ್ಕೆ ಇದೇ ಮೇಲೆಂದು ವೈದ್ಯರು ಹೇಳುವುದನ್ನು ಅಜ್ಜನೂ ಅಲ್ಲಗಳೆಯುವುದಿಲ್ಲ. ಮೊಮ್ಮಗ ಇಪ್ಪತ್ತು ದಾಟಿದವನು. ನೀರಿನ ಲೋಟವನ್ನು ಮುಂದಿಟ್ಟುಕೊಂಡು ಕಾಲುಗಂಟೆಯಲ್ಲಿ ಊಟ ಮುಗಿಸಿ ಎದ್ದುಬಿಡುತ್ತಾನೆ. ಸೀಸೆ ಬರಿದಾಗುವ ತನಕ ಕುಳಿತು ಮಾತಾಡುವವರು ಇನ್ನಾರೆಂದು ಅಜ್ಜ ಅತ್ತಿತ್ತ ನೋಡುತ್ತಾನೆ.

ಈಗ ಒಂದು ಸೀಸೆ ಮೂರು ದಿನ ಬರುತ್ತದೆ. ಮೂರನೆಯ ದಿನ ಉಳಿದದ್ದನ್ನು ಅಜ್ಜಿ ಅಡುಗೆಮನೆಯ ಮೂಲೆಯಲ್ಲಿರುವ ವಿನಿಗರಿನ ಭರಣಿಗೆ ಸುರಿದು ಮುಚ್ಚಳ ಹಾಕುತ್ತಾಳೆ. ಟೊಮೇಟೊ ಹೋಳುಗಳಿಗೆ ಬೇಕಾದ ಹುಳಿ ಆ ಭರಣಿಯಿಂದಲೇ ಬರಬೇಕು.